ವಿಮಾನ ತಾನಾಗಿಯೇ ಹಾರುತ್ತದೆಯೇ? ಪೈಲಟ್‌ಗಳ ಕೆಲಸದ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳು ಮತ್ತು ವಾಸ್ತವ

2025ರ ಡಿಸೆಂಬರ್ ಮೊದಲ ವಾರ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿದ್ದವರಿಗೆ ಆ ದೃಶ್ಯ ಬೇಗ ಮರೆಯುವಂಥದ್ದಲ್ಲ. ಇಂಡಿಗೋ ಸಂಸ್ಥೆಯ ವಿಮಾನಗಳು ಒಂದರ ಹಿಂದೊಂದು ರದ್ದಾದವು. ದೇಶದಾದ್ಯಂತ ಸಾವಿರಾರು ಹಾರಾಟಗಳು ನಿಂತವು, ಲಕ್ಷಾಂತರ ಪ್ರಯಾಣಿಕರು ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರು. ಪೈಲಟ್‌ಗಳ ಕರ್ತವ್ಯದ ಅವಧಿ ಮತ್ತು ವಿಶ್ರಾಂತಿಗೆ ಸಂಬಂಧಿಸಿದ ಹೊಸ ನಿಯಮಗಳಿಗೆ ತಕ್ಕಂತೆ ಸಂಸ್ಥೆ ಸಿಬ್ಬಂದಿಯನ್ನು ಹೊಂದಿಸಿಕೊಂಡಿರಲಿಲ್ಲ ಎಂಬುದು ಮುಖ್ಯ ಕಾರಣವಾಗಿ ಹೊರಬಂತು. ಕೂಡಲೇ ಮತ್ತೊಂದು ಮಾತೂ ಹರಡಿತು: "ವಿಮಾನ ಹಾರಿಸುವುದು ಕಂಪ್ಯೂಟರ್. ಪೈಲಟ್‌ಗಳಿಗೆ ಲಕ್ಷಗಟ್ಟಲೆ ಸಂಬಳ. ಇನ್ನೂ ವಿಶ್ರಾಂತಿ ಬೇಕಂತೆ!"

ಈ ಮಾತಿನಲ್ಲಿ ಎಷ್ಟು ಸತ್ಯವಿದೆ? ಪೈಲಟ್‌ಗಳ ಕೆಲಸದ ಬಗ್ಗೆ ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವ ಕೆಲವು ನಂಬಿಕೆಗಳನ್ನು ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ. ಇದಕ್ಕೆ ಬೇಕಾದ ಎರಡು ದೊಡ್ಡ ಪಾಠಗಳು ಕರ್ನಾಟಕದ ನೆಲದಲ್ಲಿಯೇ ಸಿಕ್ಕಿವೆ. ಒಂದು 1990ರಲ್ಲಿ ಬೆಂಗಳೂರಿನಲ್ಲಿ, ಇನ್ನೊಂದು 2010ರಲ್ಲಿ ಮಂಗಳೂರಿನಲ್ಲಿ.

ನಂಬಿಕೆ 1: ಆಟೋಪೈಲಟ್ ಇರುವುದರಿಂದ ಪೈಲಟ್‌ಗೆ ಹೆಚ್ಚು ಕೆಲಸವಿಲ್ಲ

ಆಟೋಪೈಲಟ್ ಇದೆ ಎಂಬುದು ನಿಜ. ವಿಮಾನ ಮೇಲೇರಿದ ಬಳಿಕ ಹಾರಾಟದ ಬಹುಪಾಲು ಸಮಯ ಅದು ಚಾಲನೆಯಲ್ಲಿರುತ್ತದೆ ಎಂಬುದೂ ನಿಜ. ಆದರೆ ಅದು ಮಾಡುವುದು ಹೇಳಿದಷ್ಟು ಕೆಲಸವನ್ನು ಮಾತ್ರ. ಎಷ್ಟು ಎತ್ತರ, ಎಷ್ಟು ವೇಗ, ಯಾವ ದಿಕ್ಕು ಎಂಬುದನ್ನು ನಿರ್ಧರಿಸಿ ಅದಕ್ಕೆ ಆದೇಶ ಕೊಡುವವರು ಪೈಲಟ್‌ಗಳು. ಎದುರಿಗೆ ಗುಡುಗು ಮೋಡವಿದ್ದರೆ ಎಡಕ್ಕೆ ಹೋಗಬೇಕೋ ಬಲಕ್ಕೋ, ಇಳಿಯಬೇಕಾದ ಊರಿನಲ್ಲಿ ಮಂಜು ಕವಿದಿದ್ದರೆ ಕಾಯಬೇಕೋ ಬೇರೆ ನಿಲ್ದಾಣಕ್ಕೆ ಹೋಗಬೇಕೋ, ಇರುವ ಇಂಧನ ಎಷ್ಟು ಹೊತ್ತಿಗೆ ಸಾಕು ಎಂಬ ತೀರ್ಮಾನಗಳನ್ನು ಅದು ತೆಗೆದುಕೊಳ್ಳುವುದಿಲ್ಲ.

ಟೇಕಾಫ್ ಅನ್ನು ಸಾಮಾನ್ಯವಾಗಿ ಪೈಲಟ್ ತನ್ನ ಕೈಯಿಂದಲೇ ಮಾಡುತ್ತಾರೆ. ಲ್ಯಾಂಡಿಂಗ್ ಕೂಡ ಹೆಚ್ಚಿನ ಸಂದರ್ಭಗಳಲ್ಲಿ ಹಾಗೆಯೇ. ವಿಮಾನ ತಾನಾಗಿ ಇಳಿಯುವ 'ಆಟೋಲ್ಯಾಂಡ್' ವ್ಯವಸ್ಥೆ ಮುಖ್ಯವಾಗಿ ಬಳಕೆಯಾಗುವುದು ದಟ್ಟ ಮಂಜಿನಂಥ ಪರಿಸ್ಥಿತಿಯಲ್ಲಿ. ಅದಕ್ಕೆ ವಿಮಾನ, ರನ್‌ವೇಯ ಉಪಕರಣ, ಪೈಲಟ್‌ಗಳ ತರಬೇತಿ ಮೂರೂ ಅದಕ್ಕೆ ತಕ್ಕ ಮಟ್ಟದಲ್ಲಿ ಇರಬೇಕು. ಆಗಲೂ ಇಬ್ಬರು ಪೈಲಟ್‌ಗಳು ಕೈಕಟ್ಟಿ ಕೂರುವುದಿಲ್ಲ. ಯಂತ್ರ ಸ್ವಲ್ಪ ತಪ್ಪಿದರೂ ಆ ಕ್ಷಣವೇ ನಿಯಂತ್ರಣ ತೆಗೆದುಕೊಳ್ಳಲು ಸಿದ್ಧರಾಗಿರುತ್ತಾರೆ.

ಯಂತ್ರ ಬಂದ ಮೇಲೆ ಪೈಲಟ್‌ನ ಕೆಲಸದ ಸ್ವರೂಪ ಬದಲಾಯಿತು. ಹಿಂದೆ ಕೈಯಿಂದ ಹಾರಿಸುವುದೇ ದೊಡ್ಡ ಕೆಲಸ. ಈಗ ಯಂತ್ರ ಏನು ಮಾಡುತ್ತಿದೆ, ನಾವು ಅಂದುಕೊಂಡದ್ದನ್ನೇ ಮಾಡುತ್ತಿದೆಯೇ ಎಂದು ಎಡೆಬಿಡದೆ ಗಮನಿಸುವುದು ದೊಡ್ಡ ಕೆಲಸ. ಇದು ಕೇಳಲು ಸುಲಭ, ಮಾಡಲು ಕಷ್ಟ. ಏನೂ ಆಗದಿರುವ ಪರದೆಯನ್ನು ಗಂಟೆಗಟ್ಟಲೆ ಎಚ್ಚರದಿಂದ ನೋಡುತ್ತಾ ಕೂರುವುದು ಮನುಷ್ಯನ ಮಿದುಳಿಗೆ ಒಗ್ಗುವ ಕೆಲಸವಲ್ಲ.

ಇದರ ಅಪಾಯವನ್ನು ಬೆಂಗಳೂರು ಬಹಳ ಬೇಗ ಕಂಡಿತು. 1990ರ ಫೆಬ್ರುವರಿ 14ರಂದು ಮುಂಬೈನಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಪಕ್ಕದ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ವಿಮಾನದಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಸತ್ತರು. ಆಗ ಎ320 ನಮ್ಮ ದೇಶಕ್ಕೆ ಹೊಸದು, ಹೆಚ್ಚು ಕಂಪ್ಯೂಟರ್ ನಿಯಂತ್ರಣವಿದ್ದ ಮಾದರಿ. ಕರ್ನಾಟಕ ಹೈಕೋರ್ಟ್ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ತನಿಖೆ ನಡೆಯಿತು. ಇಳಿಯುವ ಹಂತದಲ್ಲಿ ವಿಮಾನ, ಎಂಜಿನ್‌ಗಳು ಅತಿ ಕಡಿಮೆ ಶಕ್ತಿಯಲ್ಲಿ ತಿರುಗುವ ಇಳಿಕೆಯ ವಿಧಾನದಲ್ಲಿತ್ತು. ವೇಗ ಕುಸಿಯುತ್ತಾ ಬಂತು, ಅದು ಪೈಲಟ್‌ಗಳ ಗಮನಕ್ಕೆ ಬರುವಾಗ ತಡವಾಗಿತ್ತು. ಜೆಟ್ ಎಂಜಿನ್ ಕನಿಷ್ಠ ಮಟ್ಟದಿಂದ ಪೂರ್ಣ ಶಕ್ತಿಗೆ ಬರಲು ಕೆಲವು ಸೆಕೆಂಡುಗಳು ಬೇಕು. ಆ ಸೆಕೆಂಡುಗಳು ಅವರ ಬಳಿ ಉಳಿದಿರಲಿಲ್ಲ.

ಯಂತ್ರ ಎಷ್ಟು ಜಾಣವಾದರೂ ಅದು ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಅರಿತಿರುವ, ಎಚ್ಚರವಾಗಿರುವ ಮನುಷ್ಯ ಬೇಕೇ ಬೇಕು. ಹಾಗಾದರೆ ಮುಂದಿನ ಪ್ರಶ್ನೆ: ಆ ಮನುಷ್ಯ ಎಷ್ಟು ಎಚ್ಚರವಾಗಿದ್ದಾನೆ?

ನಂಬಿಕೆ 2: ವರ್ಷಕ್ಕೆ ಸಾವಿರ ಗಂಟೆ ಅಂದರೆ ದಿನಕ್ಕೆ ಮೂರು ಗಂಟೆ ಕೆಲಸ

ಪೈಲಟ್ ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ ಎಂಬ ಮಿತಿ ಭಾರತದಲ್ಲೂ ಅಮೆರಿಕದಲ್ಲೂ ಇದೆ. ಅದನ್ನು 365ರಿಂದ ಭಾಗಿಸಿ "ಮೂರು ಗಂಟೆ ಕೆಲಸ" ಎನ್ನುವವರು ಒಂದು ವಿಷಯ ಮರೆಯುತ್ತಾರೆ. ಲೆಕ್ಕಕ್ಕೆ ಬರುವುದು ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ ಮತ್ತೆ ನಿಲ್ಲುವವರೆಗಿನ ಸಮಯ ಮಾತ್ರ. ಕರ್ತವ್ಯದ ಅವಧಿ ಬೇರೆ, ಅದು ಇದಕ್ಕಿಂತ ಬಹಳ ಉದ್ದ.

ಒಂದು ಮಾದರಿ ದಿನವನ್ನು ನೋಡೋಣ. ಬೆಂಗಳೂರಿನಿಂದ ಬೆಳಿಗ್ಗೆ 5:30ಕ್ಕೆ ಹೊರಡುವ ವಿಮಾನ. ಪೈಲಟ್ 4:30ರ ಹೊತ್ತಿಗೆ ನಿಲ್ದಾಣದಲ್ಲಿ ವರದಿ ಮಾಡಿಕೊಳ್ಳಬೇಕು. ಮನೆ ನಗರದ ದಕ್ಷಿಣ ಭಾಗದಲ್ಲಿದ್ದರೆ ದೇವನಹಳ್ಳಿಗೆ ಒಂದು ಗಂಟೆಗೂ ಹೆಚ್ಚು ದಾರಿ. ಅಂದರೆ 2:30ರ ಸುಮಾರಿಗೆ ಏಳಬೇಕು. ಬಳಿಕ ಹವಾಮಾನ, ಇಂಧನ, ವಿಮಾನದ ಸ್ಥಿತಿಯ ಪರಿಶೀಲನೆ, ಉಸಿರಿನ ಪರೀಕ್ಷೆ, ಸಿಬ್ಬಂದಿಯೊಂದಿಗೆ ಮಾತುಕತೆ. ನಂತರ ಮೂರೋ ನಾಲ್ಕೋ ಹಾರಾಟ. ಎರಡು ಹಾರಾಟಗಳ ನಡುವಿನ ಅರ್ಧ ಗಂಟೆ ವಿರಾಮವೆಂದು ನಮಗೆ ಕಾಣುತ್ತದೆ. ಅವರಿಗೆ ಅದು ಮುಂದಿನ ಹಾರಾಟದ ತಯಾರಿಯ ಸಮಯ. ತಡವಾದರೆ ದಿನ ಇನ್ನೂ ಉದ್ದವಾಗುತ್ತದೆ. ಎರಡು ದಿನದ ಬಳಿಕ ಇದೇ ವ್ಯಕ್ತಿಗೆ ನಡುರಾತ್ರಿಯ ಪಾಳಿ ಬರಬಹುದು.

ಇದಕ್ಕೆ ಕಾಕ್‌ಪಿಟ್‌ನ ವಾತಾವರಣವೂ ಸೇರಿಕೊಳ್ಳುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದಲ್ಲಿರುವಷ್ಟು ಇರುತ್ತದೆ. ಮುಳ್ಳಯ್ಯನಗಿರಿಯ ತುದಿ ಇರುವುದು 1,930 ಮೀಟರ್ ಎತ್ತರದಲ್ಲಿ. ದಿನವಿಡೀ ಆ ಬೆಟ್ಟದ ತುದಿಯಲ್ಲಿ, ಆದರೆ ತೀರಾ ಒಣ ಗಾಳಿಯಲ್ಲಿ, ಎಂಜಿನ್ ಸದ್ದಿನ ನಡುವೆ ಕುಳಿತು ಕೆಲಸ ಮಾಡಿದಂತೆ.

ಎಲ್ಲಕ್ಕಿಂತ ದೊಡ್ಡ ವಿಷಯ ದೇಹದ ಗಡಿಯಾರ. ಬೆಳಗಿನ ಜಾವ 2ರಿಂದ 6ರ ನಡುವೆ ನಮ್ಮ ದೇಹದ ಉಷ್ಣತೆ ಮತ್ತು ಎಚ್ಚರ ಎರಡೂ ತಳಮಟ್ಟಕ್ಕೆ ಇಳಿಯುತ್ತವೆ. ಹಗಲು ಹೊತ್ತು ನಿದ್ದೆ ಮಾಡಿ ಬಂದರೂ ಇದನ್ನು ಪೂರ್ತಿ ತಪ್ಪಿಸಲಾಗದು. ರಾತ್ರಿ ಬಸ್ ಓಡಿಸುವವರನ್ನು, ಪಾಳಿಯಲ್ಲಿ ದುಡಿಯುವ ದಾದಿಯರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ.

2010ರ ಮೇ 22ರಂದು ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಟೇಬಲ್‌ಟಾಪ್ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿದ್ದು ಬೆಳಿಗ್ಗೆ ಸುಮಾರು 6 ಗಂಟೆಗೆ. 166 ಮಂದಿಯಲ್ಲಿ ಬದುಕಿದವರು 8 ಮಂದಿ. 158 ಜೀವ ಹೋಯಿತು. ತನಿಖೆಯಲ್ಲಿ ಕಾಕ್‌ಪಿಟ್ ಧ್ವನಿಮುದ್ರಣ ಕೇಳಿದಾಗ, ಹಾರಾಟದ ಒಂದೂವರೆ ಗಂಟೆಗೂ ಹೆಚ್ಚು ಕಾಲ ಕ್ಯಾಪ್ಟನ್ ನಿದ್ದೆಯಲ್ಲಿದ್ದುದು ಗೊತ್ತಾಯಿತು. ಗೊರಕೆಯ ಸದ್ದು ಅದರಲ್ಲಿ ದಾಖಲಾಗಿತ್ತು. ಇಳಿಯುವ ಮುನ್ನ ಅವರು ಎದ್ದಿದ್ದರು. ಆದರೆ ಗಾಢ ನಿದ್ದೆಯಿಂದ ಎದ್ದ ಮಿದುಳು ಕೂಡಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಈ ಮಂಪರನ್ನು ವಿಜ್ಞಾನಿಗಳು 'ಸ್ಲೀಪ್ ಇನರ್ಷಿಯಾ' ಎನ್ನುತ್ತಾರೆ. ಕಣ್ಣು ತೆರೆದಿರುತ್ತದೆ, ಕೈ ಆಡುತ್ತಿರುತ್ತದೆ, ತೀರ್ಮಾನಿಸುವ ಶಕ್ತಿ ಮಾತ್ರ ಹಿಂದೆ ಬಿದ್ದಿರುತ್ತದೆ. ಇರಬೇಕಾದುದಕ್ಕಿಂತ ಹೆಚ್ಚು ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬಂದ ವಿಮಾನ ಸುಮಾರು 8,000 ಅಡಿಯ ರನ್‌ವೇಯಲ್ಲಿ 5,000 ಅಡಿಗೂ ಹೆಚ್ಚು ಮುಂದೆ ಹೋಗಿ ನೆಲ ಮುಟ್ಟಿತ್ತು.

ನಂಬಿಕೆ 3: ಕಾಕ್‌ಪಿಟ್‌ನಲ್ಲಿ ಕಣ್ಣು ಮುಚ್ಚುವುದೇ ಅಪರಾಧ

ಮೇಲಿನ ಘಟನೆ ಓದಿದವರಿಗೆ ಹೀಗನ್ನಿಸುವುದು ಸಹಜ. ಆದರೆ ಇಲ್ಲಿ ಎರಡು ಬಗೆಯ ನಿದ್ದೆಯನ್ನು ಬೇರೆಬೇರೆಯಾಗಿ ನೋಡಬೇಕು. ಒಂದು, ಹೇಳಿ ಮಾಡುವ ಚಿಕ್ಕ ನಿದ್ದೆ. ಇನ್ನೊಂದು, ಹೇಳದೆ ಬರುವ ತೂಕಡಿಕೆ.

ನಾಸಾದ ಸಂಶೋಧಕರು ದೂರದ ಹಾರಾಟಗಳಲ್ಲಿ ಪೈಲಟ್‌ಗಳಿಗೆ ಸರದಿಯಂತೆ 40 ನಿಮಿಷ ವಿಶ್ರಾಂತಿ ಕೊಟ್ಟು ನೋಡಿದರು. ಅವರು ಸರಾಸರಿ ಸುಮಾರು 26 ನಿಮಿಷ ನಿದ್ದೆ ಮಾಡಿದರು. ನಿದ್ದೆ ಮಾಡದ ಗುಂಪಿಗಿಂತ ಇವರ ಎಚ್ಚರ ಹಾರಾಟದ ಕೊನೆಯಲ್ಲಿ ಸ್ಪಷ್ಟವಾಗಿ ಚೆನ್ನಾಗಿತ್ತು. ಇದರ ಆಧಾರದ ಮೇಲೆ ಹಲವು ದೇಶಗಳು 'ನಿಯಂತ್ರಿತ ವಿಶ್ರಾಂತಿ'ಗೆ ಅವಕಾಶ ಕೊಟ್ಟಿವೆ. ಒಬ್ಬರು ಎಚ್ಚರವಿರಬೇಕು, ಸಮಯಕ್ಕೆ ಮಿತಿಯಿರಬೇಕು, ಇಳಿಯುವುದಕ್ಕೆ ಸಾಕಷ್ಟು ಮೊದಲೇ ಎದ್ದಿರಬೇಕು. ಅಮೆರಿಕ ಮಾತ್ರ ಇದಕ್ಕೆ ಒಪ್ಪಿಲ್ಲ.

ನಿಜವಾಗಿ ಹೆದರಬೇಕಾದದ್ದು ಎರಡನೆಯ ಬಗೆಗೆ. 2022ರಲ್ಲಿ ಸೇಫ್ಟಿ ಮ್ಯಾಟರ್ಸ್ ಫೌಂಡೇಷನ್ ಎಂಬ ಸಂಸ್ಥೆ ಭಾರತದ 542 ಪೈಲಟ್‌ಗಳನ್ನು ಕೇಳಿದಾಗ, ಜೊತೆಗಾರರಿಗೆ ತಿಳಿಸದೆಯೇ ಕಾಕ್‌ಪಿಟ್‌ನಲ್ಲಿ ನಿದ್ದೆಗೆ ಜಾರಿದ್ದುಂಟು ಎಂದು 66% ಮಂದಿ ಒಪ್ಪಿಕೊಂಡರು. ಇಂಥ ಸಮೀಕ್ಷೆಗಳಲ್ಲಿ ಆಯಾಸ ಅನುಭವಿಸಿದವರೇ ಹೆಚ್ಚಾಗಿ ಉತ್ತರಿಸುವ ಸಾಧ್ಯತೆಯಿದೆ, ಆದ್ದರಿಂದ ಈ ಸಂಖ್ಯೆಯನ್ನು ಎಲ್ಲ ಪೈಲಟ್‌ಗಳಿಗೆ ಹಾಗೆಯೇ ಅನ್ವಯಿಸಬಾರದು. ಆದರೂ ಸಮಸ್ಯೆ ಕೆಲವರ ಸೋಮಾರಿತನದ್ದಲ್ಲ ಎಂಬುದಂತೂ ಇದರಿಂದ ತಿಳಿಯುತ್ತದೆ.

ನಂಬಿಕೆ 4: ಪೈಲಟ್‌ಗಳ ಒತ್ತಾಯಕ್ಕೆ ನಿಯಮ ದಿಢೀರನೆ ಬದಲಾಯಿತು

ಹೊಸ ನಿಯಮಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಪ್ರಕಟಿಸಿದ್ದು 2024ರ ಜನವರಿಯಲ್ಲಿ. ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಲಾಯಿತು. 'ರಾತ್ರಿ'ಯ ಲೆಕ್ಕ ಬೆಳಿಗ್ಗೆ 5ರ ಬದಲು 6ಕ್ಕೆ ಮುಗಿಯುವಂತಾಯಿತು. ರಾತ್ರಿ ಕರ್ತವ್ಯದಲ್ಲಿ ಆರು ಲ್ಯಾಂಡಿಂಗ್‌ವರೆಗೆ ಇದ್ದ ಅವಕಾಶ ಎರಡಕ್ಕೆ ಇಳಿಯಿತು. ಮೇಲೆ ಹೇಳಿದ ದೇಹದ ಗಡಿಯಾರವನ್ನು ನೆನಪಿಸಿಕೊಂಡರೆ ಈ ಒಂದೊಂದು ಬದಲಾವಣೆಗೂ ಕಾರಣ ತಿಳಿಯುತ್ತದೆ.

ನಿಯಮ 2024ರ ಜೂನ್‌ನಲ್ಲಿಯೇ ಜಾರಿಗೆ ಬರಬೇಕಿತ್ತು. ವಿಮಾನ ಸಂಸ್ಥೆಗಳ ಆಕ್ಷೇಪದಿಂದ ಮುಂದೆ ಹೋಯಿತು. ಪೈಲಟ್ ಸಂಘಗಳು ದೆಹಲಿ ಹೈಕೋರ್ಟ್‌ನಲ್ಲಿ ಹೋರಾಡಿದ ಮೇಲೆ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಯಾಯಿತು. ಅಂದರೆ ಸಿದ್ಧತೆಗೆ ಸುಮಾರು ಎರಡು ವರ್ಷ ಸಿಕ್ಕಿತ್ತು. ಡಿಸೆಂಬರ್‌ನ ಗೊಂದಲದ ನಡುವೆ ಡಿಜಿಸಿಎ ರಾತ್ರಿ ಪಾಳಿಯ ಕೆಲವು ಮಿತಿಗಳಿಂದ ಇಂಡಿಗೋಗೆ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಟ್ಟಿತು. ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನು ಲೆಕ್ಕ ಹಿಡಿಯಬಾರದು ಎಂಬ ಅಂಶವನ್ನೂ ಹಿಂತೆಗೆದುಕೊಂಡಿತು. ಸುರಕ್ಷತೆಯ ನಿಯಮವನ್ನು ಅನುಕೂಲಕ್ಕಾಗಿ ಸಡಿಲಿಸುವುದು ಸರಿಯೇ ಎಂದು ಪೈಲಟ್ ಸಂಘಗಳು ಪ್ರಶ್ನಿಸಿದವು. ಪ್ರಯಾಣಿಕರ ಕೋಪಕ್ಕೆ ಕಾರಣವಿತ್ತು. ಆದರೆ ಆ ಕೋಪದ ಗುರಿ ವಿಶ್ರಾಂತಿಯ ನಿಯಮವಾಗಬೇಕಿರಲಿಲ್ಲ.

ನಂಬಿಕೆ 5: ಕ್ಯಾಪ್ಟನ್ ಹೇಳಿದ್ದೇ ಅಂತಿಮ, ಸಹ ಪೈಲಟ್ ಇನ್ನೂ ಕಲಿಯುತ್ತಿರುವವರು

ಸಹ ಪೈಲಟ್ ಕೂಡ ಪೂರ್ಣ ಪರವಾನಗಿ ಪಡೆದವರೇ. ಸಾಮಾನ್ಯವಾಗಿ ಇಬ್ಬರೂ ಸರದಿಯಂತೆ ವಿಮಾನ ಹಾರಿಸುತ್ತಾರೆ. ಒಬ್ಬರು ಹಾರಿಸುವಾಗ ಇನ್ನೊಬ್ಬರು ಗಮನಿಸಿ ತಪ್ಪನ್ನು ಎತ್ತಿ ಹೇಳಬೇಕು. ನೀವು ಕುಳಿತ ವಿಮಾನವನ್ನು ಮೃದುವಾಗಿ ಇಳಿಸಿದವರು ಇಪ್ಪತ್ತೈದರ ಸಹ ಪೈಲಟ್ ಆಗಿರಬಹುದು.

ಹಿಂದೆ ಕಾಕ್‌ಪಿಟ್‌ನಲ್ಲಿ ಹಿರಿಯರ ಮಾತಿಗೆ ಎದುರಾಡುವ ರೂಢಿ ಇರಲಿಲ್ಲ. 1977ರಲ್ಲಿ ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ಜೆಟ್‌ಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಒಂದು ವಿಮಾನದ ಕ್ಯಾಪ್ಟನ್ ಅನುಮತಿ ಸಿಗುವ ಮೊದಲೇ ಹೊರಟಿದ್ದರು, ಜೊತೆಗಿದ್ದವರ ಅನುಮಾನ ಗಟ್ಟಿಯಾದ ಎಚ್ಚರಿಕೆಯಾಗಲಿಲ್ಲ. ಆ ನಂತರದ ವರ್ಷಗಳಲ್ಲಿ 'ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್' ಎಂಬ ತರಬೇತಿ ಬೆಳೆಯಿತು. ಕಿರಿಯರು ಸ್ಪಷ್ಟವಾಗಿ ಹೇಳಬೇಕು, ಹಿರಿಯರು ಕೇಳಬೇಕು ಎಂಬುದು ಅದರ ತಿರುಳು.

ಮಂಗಳೂರಿನ ದುರಂತದಲ್ಲಿ ಸಹ ಪೈಲಟ್ ಸುಮ್ಮನಿರಲಿಲ್ಲ. "ಗೋ ಅರೌಂಡ್", ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣ ಎಂದು ಮೂರು ಬಾರಿ ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಹೇಳಿದರು, ಆದರೆ ಆ ಮಾತು ನಡೆಯಲಿಲ್ಲ. ದೊಡ್ಡವರ ಮಾತಿಗೆ ಎದುರು ಹೇಳಬಾರದು ಎಂದು ಕೇಳಿ ಬೆಳೆದ ನಮಗೆ ಇದು ಯೋಚಿಸಬೇಕಾದ ವಿಷಯ. ಇಳಿಯುವ ಕೊನೆಯ ನಿಮಿಷದಲ್ಲಿ "ಸರ್, ಇದು ಸರಿಯಿಲ್ಲ" ಎನ್ನುವುದು ಅಗೌರವವಾಗುವುದಿಲ್ಲ. ಅದು ಸಹ ಪೈಲಟ್‌ನ ಕರ್ತವ್ಯ.

ನಂಬಿಕೆ 6: ಈಗಿನ ಹುಡುಗರಿಗೆ ಕಷ್ಟಪಡುವ ಮನಸ್ಸಿಲ್ಲ

"ನಮ್ಮ ಕಾಲದಲ್ಲಿ ಹೀಗೆಲ್ಲ ಕೇಳುತ್ತಿರಲಿಲ್ಲ" ಎಂಬ ಮಾತು ಎಲ್ಲ ವೃತ್ತಿಯಲ್ಲೂ ಇದೆ, ಇಲ್ಲಿಯೂ ಇದೆ. ಇಬ್ಬರ ಮಾತೂ ಪೂರ್ತಿ ಸುಳ್ಳಲ್ಲ, ಯಾಕೆಂದರೆ ಇಬ್ಬರೂ ಬೇರೆಬೇರೆ ಕೆಲಸವನ್ನೇ ಮಾಡಿದವರು.

ಹಿಂದಿನ ಪೀಳಿಗೆಯ ಅನೇಕರು ವಾಯುಪಡೆಯಿಂದ ಬಂದವರು ಅಥವಾ ಸರ್ಕಾರಿ ವಿಮಾನ ಸಂಸ್ಥೆಯಲ್ಲಿ ಸೇರಿ ಅಲ್ಲಿಯೇ ನಿವೃತ್ತರಾದವರು. ವಿಮಾನದಲ್ಲಿ ಉಪಕರಣದ ನೆರವು ಕಡಿಮೆ, ಕೈಕೌಶಲ ಹೆಚ್ಚು ಬೇಕಿತ್ತು. ಅವರಲ್ಲಿ ಹಲವರಿಗೆ ಆಯಾಸ ಎಂದು ಹೇಳಿಕೊಳ್ಳುವುದು ದೌರ್ಬಲ್ಯ ಒಪ್ಪಿಕೊಂಡಂತೆ. ಅದೇ ಹೊತ್ತಿಗೆ ಕೆಲಸದ ಭದ್ರತೆ ಇತ್ತು, ವೇಳಾಪಟ್ಟಿ ಇಂದಿನಷ್ಟು ಬಿಗಿ ಇರಲಿಲ್ಲ.

ಇಂದಿನ ಯುವ ಪೈಲಟ್ ಕನಿಷ್ಠ 200 ಗಂಟೆ ಹಾರಾಟ ಮುಗಿಸಿ ವಾಣಿಜ್ಯ ಪರವಾನಗಿ ಪಡೆಯುವಷ್ಟರಲ್ಲಿ ಖರ್ಚು ಅರ್ಧ ಕೋಟಿ ದಾಟುವುದು ಸಾಮಾನ್ಯ. ನಿರ್ದಿಷ್ಟ ಮಾದರಿಯ ವಿಮಾನಕ್ಕೆ ಬೇಕಾದ ತರಬೇತಿಗೆ ಮತ್ತಷ್ಟು ಲಕ್ಷ. ಬಹುಮಂದಿಗೆ ಇದು ಸಾಲ, ಇಲ್ಲವೇ ಅಪ್ಪ ಅಮ್ಮ ಮಾರಿದ ನಿವೇಶನ. ಪರವಾನಗಿ ಸಿಕ್ಕ ಕೂಡಲೇ ಕೆಲಸ ಸಿಗುತ್ತದೆಂಬ ಖಾತರಿಯಿಲ್ಲ, ಕೆಲವರು ವರ್ಷಗಟ್ಟಲೆ ಕಾಯುತ್ತಾರೆ. ಕ್ಯಾಪ್ಟನ್‌ಗಳ ಸಂಬಳ ದೊಡ್ಡದು ಎಂಬುದು ನಿಜ. ಆದರೆ ಆ ಹಂತಕ್ಕೆ ಹೋಗಲು 1,500 ಗಂಟೆಗಳ ಅನುಭವ ಬೇಡುವ ಮೇಲ್ಮಟ್ಟದ ಪರವಾನಗಿ, ವರ್ಷಗಳ ದುಡಿಮೆ ಬೇಕು.

ಕೆಲಸದ ಭದ್ರತೆಯ ಮಾತೂ ಬೇರೆಯೇ. ಬೆಂಗಳೂರು ಮೂಲದ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. ಕಿಂಗ್‌ಫಿಷರ್, ಜೆಟ್ ಎರಡರಲ್ಲೂ ಸಿಬ್ಬಂದಿ ತಿಂಗಳುಗಟ್ಟಲೆ ಸಂಬಳ ಕಾಣದೆ ದುಡಿದಿದ್ದರು. ಇದನ್ನು ನೋಡಿ ಬೆಳೆದವರು ಸಂಸ್ಥೆಗೆ ನಿಷ್ಠೆಗಿಂತ ಬರಹದಲ್ಲಿರುವ ಕರಾರನ್ನು ನಂಬಿದರೆ ಆಶ್ಚರ್ಯವಿಲ್ಲ. ಬಿಟ್ಟು ಹೋಗುವುದೂ ಸುಲಭವಲ್ಲ: ಡಿಜಿಸಿಎಯ 2017ರ ನಿಯಮದಂತೆ ಕ್ಯಾಪ್ಟನ್ ಒಂದು ವರ್ಷ, ಸಹ ಪೈಲಟ್ ಆರು ತಿಂಗಳು ಮೊದಲೇ ನೋಟಿಸ್ ಕೊಡಬೇಕು.

ಹಿರಿಯರ ಒಂದು ಆತಂಕವನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು. ಯಂತ್ರಕ್ಕೆ ಒಗ್ಗಿದ ಕೈಗಳಿಗೆ ಕೈಯಿಂದ ಹಾರಿಸುವ ರೂಢಿ ತಪ್ಪುತ್ತದೆ ಎಂಬುದು ಅದು. 2009ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447ರಲ್ಲಿ ಆಟೋಪೈಲಟ್ ಕೈಬಿಟ್ಟಾಗ ಪೈಲಟ್‌ಗಳು ಪರಿಸ್ಥಿತಿಯನ್ನು ಗುರುತಿಸಲಾಗದೆ 228 ಮಂದಿ ಸತ್ತರು. ಅನುಕೂಲಕರ ಹವಾಮಾನದಲ್ಲಿ ಕೈಯಿಂದ ಹಾರಿಸಿ ಅಭ್ಯಾಸ ಉಳಿಸಿಕೊಳ್ಳಿ ಎಂದು ಅಮೆರಿಕದ ನಿಯಂತ್ರಕರು 2013ರಲ್ಲಿ ಸಲಹೆ ಕೊಟ್ಟದ್ದು ಇದೇ ಕಾರಣಕ್ಕೆ. ಹಿರಿಯರ ಕೈಕೌಶಲ, ಕಿರಿಯರ "ಇಂದು ನನಗೆ ಆಗುತ್ತಿಲ್ಲ" ಎನ್ನುವ ಧೈರ್ಯ ಎರಡೂ ಪ್ರಯಾಣಿಕರಿಗೆ ಬೇಕು.

ಇನ್ನು ಕೆಲವು ಚಿಕ್ಕ ಪ್ರಶ್ನೆಗಳು

ಕನ್ನಡಕ ಹಾಕುವವರು ಪೈಲಟ್ ಆಗಬಹುದೇ? ಆಗಬಹುದು. ಕನ್ನಡಕ ಹಾಕಿದ ಮೇಲೆ ದೃಷ್ಟಿ ನಿಗದಿತ ಮಟ್ಟದಲ್ಲಿದ್ದರೆ ಸಾಕು. ಬಣ್ಣ ಗುರುತಿಸುವ ಶಕ್ತಿಯ ಪರೀಕ್ಷೆ ಮಾತ್ರ ಬೇರೆ.

ಪೈಲಟ್‌ಗಳು ಕುಡಿದು ಬರುತ್ತಾರೆಯೇ? ಭಾರತದ ನಿಯಮ ಬಿಗಿಯಾಗಿದೆ. ಹಾರಾಟಕ್ಕೆ ಮೊದಲ 12 ಗಂಟೆ ಮದ್ಯ ಮುಟ್ಟುವಂತಿಲ್ಲ. ಉಸಿರಿನ ಪರೀಕ್ಷೆಯಲ್ಲಿ ಮೊದಲ ಬಾರಿ ಸಿಕ್ಕಿಬಿದ್ದರೆ ಪರವಾನಗಿ ಮೂರು ತಿಂಗಳು ಅಮಾನತು. ಆಲ್ಕೋಹಾಲ್ ಇರುವ ಮೌತ್‌ವಾಶ್ ಬಳಸುವುದಕ್ಕೂ ನಿಷೇಧವಿದೆ.

ಇದು ಗಂಡಸರ ಕೆಲಸವೇ? ಭಾರತದಲ್ಲಿ ಮಹಿಳಾ ಪೈಲಟ್‌ಗಳ ಪಾಲು 12ರಿಂದ 15% ಎಂದು ಅಂದಾಜು, ಜಗತ್ತಿನ ಸರಾಸರಿಗಿಂತ ಎರಡು ಪಟ್ಟಿಗೂ ಹೆಚ್ಚು. 2021ರ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮಾರ್ಗವಾಗಿ ಬೆಂಗಳೂರಿಗೆ ಬಂದಿಳಿದ ಏರ್ ಇಂಡಿಯಾ ವಿಮಾನವನ್ನು ಹಾರಿಸಿದವರೆಲ್ಲ ಮಹಿಳೆಯರೇ.

ಮನಸ್ಸಿನ ಆರೋಗ್ಯ? ಇದು ಹೆಚ್ಚು ಮುಚ್ಚಿಟ್ಟ ವಿಷಯ. ಖಿನ್ನತೆ ಎಂದು ಹೇಳಿದರೆ ಪರವಾನಗಿ ಹೋಗುತ್ತದೆ, ಸಾಲ ಉಳಿಯುತ್ತದೆ ಎಂಬ ಭಯ. ಹೀಗೆ ಹೇಳದೆ ಉಳಿಯುವುದೇ ಹೆಚ್ಚು ಅಪಾಯ. 2025ರ ಜೂನ್ 12ರ ಅಹಮದಾಬಾದ್ ದುರಂತದ ನಾಲ್ಕು ದಿನಗಳ ಬಳಿಕ ಏರ್ ಇಂಡಿಯಾದ 112 ಪೈಲಟ್‌ಗಳು ಅನಾರೋಗ್ಯದ ರಜೆ ಪಡೆದರು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ರಜೆ ಕೇಳಿದ್ದನ್ನು ಹೇಡಿತನ ಎನ್ನುವ ಮೊದಲು, ಅಂಥ ಮನಸ್ಥಿತಿಯಲ್ಲಿ ಅವರು ಹಾರದಿದ್ದುದರಿಂದ ಯಾರಿಗೆ ಒಳ್ಳೆಯದಾಯಿತು ಎಂದು ಯೋಚಿಸಬೇಕು.

ಪ್ರಯಾಣಿಕರಾಗಿ ನಾವು ತಿಳಿದಿರಬೇಕಾದದ್ದು

ವಿಮಾನ ಇಳಿಯುವಂತೆ ಬಂದು ಮತ್ತೆ ಮೇಲೇರಿದರೆ ಪೈಲಟ್ ತಪ್ಪು ಮಾಡಿದರೆಂದಲ್ಲ. ಅದು ಸುರಕ್ಷಿತ ತೀರ್ಮಾನ. ಮಂಗಳೂರಿನಲ್ಲಿ ಆಗದೇ ಹೋದದ್ದು ಅದೇ. ಮಳೆಗಾಲದಲ್ಲಿ ವಿಮಾನ ಸ್ವಲ್ಪ ಗಟ್ಟಿಯಾಗಿ ನೆಲ ಮುಟ್ಟಿದರೆ ಅದು ಕೌಶಲದ ಕೊರತೆಯೇ ಆಗಿರಬೇಕಿಲ್ಲ. ಒದ್ದೆ ರನ್‌ವೇಯಲ್ಲಿ ಚಕ್ರಗಳಿಗೆ ಹಿಡಿತ ಸಿಗಲೆಂದು ಹಾಗೆ ಇಳಿಸುತ್ತಾರೆ. ಎರಡು ಗಂಟೆ ಕಾಯಿಸಿದ ಮೇಲೆ "ಸಿಬ್ಬಂದಿಯ ಕರ್ತವ್ಯದ ಅವಧಿ ಮುಗಿದಿದೆ" ಎಂದು ಘೋಷಣೆ ಬಂದರೆ ಸಿಟ್ಟು ಬರುವುದು ಸಹಜ. ಬದಲಿ ಸಿಬ್ಬಂದಿ ಯಾಕಿಲ್ಲ ಎಂದು ಸಂಸ್ಥೆಯನ್ನು ಕೇಳುವ ಹಕ್ಕು ನಮಗಿದೆ. ಆದರೆ ದಣಿದ ಪೈಲಟ್ "ನಾನು ಹಾರಿಸಲಾರೆ" ಎಂದಾಗ ಅವರು ಕಾಪಾಡುತ್ತಿರುವುದು ಹಿಂದೆ ಕುಳಿತ ನಮ್ಮನ್ನೇ.